ಬದನಿಕೆ ಹಕ್ಕಿಯೂ ಮರದ ಬಂದಳಿಕೆಯೂ

ಮಾವಿನ ತೋಪಿನಲ್ಲಾಗಲಿ ಹೊಂಗೆಯ ಸಾಲಿನಲ್ಲಾಗಲಿ ಹೊತ್ತೇರುವ ವೇಳೆಗೆ ನಿಂತು ಕಿವಿಗೊಟ್ಟರೆ, ತಲೆಯ ಮೇಲೆ ಎಲ್ಲಿಯೋ "ಚಿಕ್, ಚಿಕ್, ಚಿಕ್" ಎಂಬ ಸಣ್ಣದಾದರೂ ಗಡುಸಾದ ಒಂದು ಧ್ವನಿಯು ಎಡೆಬಿಡದೆ ಕೇಳಿಸುವುದು. ಧ್ವನಿಯು ಈ ಮರದಿಂದ ಆ ಮರಕ್ಕೆ ಹಾರಿಹೋಗುವುದೇ ಹೊರತು ಹಕ್ಕಿಯು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಬಿದ್ದರೂ ಬಹುಮಂದಿ ಅದನ್ನು ಸೂರಕ್ಕಿಯ ಮರಿಯೆಂದೋ, ಒಂದು ದೊಡ್ಡ ದುಂಬಿಯೆಂದೋ ಎಣಿಸಿ ತಮ್ಮ ಕೆಲಸಕ್ಕೆ ಹೊರಟುಹೋಗುವರು. ನಮ್ಮ ದೇಶದ ಅತ್ಯಂತ ಸಣ್ಣ ಪಕ್ಷಿಗಳಲ್ಲಿ ಒಂದಾದ ಬದನಿಕೆ ಹಕ್ಕಿಯು ಇದೇ.

ಬದನಿಕೆಯೆಂಬುದು ವಾಸ್ತವವಾಗಿ ಒಂದು ಗಿಡದ ಹೆಸರು. ಮರದ ಕೊಂಬೆಯ ಮೇಲೆ ಬೇರೂರಿ ಆ ಮರದ ಸಾರವನ್ನೇ ಹೀರಿ ಬೆಳೆಯುವ ಗಿಡವನ್ನು ಕನ್ನಡ ನಾಡಿನ ಕೆಲವು ಭಾಗಗಳಲ್ಲಿ ಬಂದಳಿಕೆಯೆಂದೂ, ಮತ್ತೆ ಕೆಲವು ಭಾಗಗಳಲ್ಲಿ ಬದನಿಕೆಯೆಂದೂ ಕರೆಯುವರು. ಗಿಡದ ಹೆಸರನ್ನೇ ಹಕ್ಕಿಗೂ ಇಟ್ಟವರು ಯಾರೋ ತಿಳಿಯದು. ಆದರೆ ಅವರು ಚೆನ್ನಾಗಿ ನೋಡಿಯೇ ಇಟ್ಟಿರಬೇಕು. ಹೇಗೆಂದರೆ, ಈ ಗಿಡವಿಲ್ಲದೆ ಹಕ್ಕಿಯ ಹೊಟ್ಟೆ ತುಂಬುವುದು ಕಷ್ಟ. ಹಕ್ಕಿಯಿಲ್ಲದೆ ಗಿಡದ ಸಂತಾನವು ಒಂದು ಮರದಿಂದ ಇನ್ನೊಂದು ಮರಕ್ಕೆ ಹೋಗುವುದು ಇನ್ನೂ ಕಷ್ಟ. ಗೊಂದಲವಾಗದಿರಲೆಂದು ಈ ಲೇಖನದಲ್ಲಿ ಗಿಡವನ್ನು ಬಂದಳಿಕೆಯೆಂದೇ ಕರೆದಿದೆ.

ತೋಪುಗಳನ್ನುಳ್ಳ ಜಮೀನುದಾರರಿಗೂ ಗ್ರಾಮದ ಯಜಮಾನರಿಗೂ ಈ ವಿಷಯವು ವಿನೋದದ ಮಾತಲ್ಲ. ತಾತನ ಕಾಲದಲ್ಲಿ ನೆಟ್ಟ ಮಾವಿನ ಮರವು ಒಂದು ವರ್ಷ ತುದಿಯಲ್ಲಿ ಒಣಗುವುದು. ಮರುವರ್ಷ ಒಂದು ದೊಡ್ಡ ಕೊಂಬೆ ಹೋಗುವುದು. ಕಾಯಿ ಸಣ್ಣದಾಗುತ್ತ ಬರುವುದು. ಮಳೆ ಸಾಲದೆ ಹೀಗಾಯಿತೆಂದು ಒಬ್ಬರು, ಮಣ್ಣು ಸತ್ವಗೆಟ್ಟಿತೆಂದು ಇನ್ನೊಬ್ಬರು, ಕಣ್ಣು ತಾಕಿತೆಂದು ಮತ್ತೊಬ್ಬರು ಹೇಳುವರು. ಮರದ ಬುಡದಲ್ಲಿ ನಿಂತು ತಲೆಯೆತ್ತಿ ನೋಡುವವರು ಕಡಿಮೆ. ನೋಡಿದರೆ, ಮಾವಿನ ಎಲೆಯ ನಡುವೆ ಮಾವಿನದಲ್ಲದ, ದಪ್ಪನಾದ, ಬೂದುಮಿಶ್ರಿತ ಹಸುರಿನ ಎಲೆಗಳ ಮೆಳೆಗಳು ಅಲ್ಲಲ್ಲಿ ತೂಗುತ್ತಿರುವುದು ಕಾಣಿಸುವುದು. ಇದನ್ನು ತಂದಿಟ್ಟದ್ದು ಒಂದು ಹಕ್ಕಿಯೆಂದು ತಿಳಿದೊಡನೆ ಕೆಲವರಿಗೆ ಆ ಹಕ್ಕಿಯ ಮೇಲೆ ಕೋಪ ಬರುವುದು ಸಹಜ. ಆ ಕೋಪವು ಎಷ್ಟರ ಮಟ್ಟಿಗೆ ಸರಿಯೆಂಬುದನ್ನು ತೀರ್ಮಾನಿಸುವ ಮೊದಲು ಹಕ್ಕಿಯ ಬಾಳುವೆಯನ್ನು ತಿಳಿದುಕೊಳ್ಳುವುದು ನ್ಯಾಯ.

ಹಕ್ಕಿಯ ಲಕ್ಷಣ

ಕೊಕ್ಕಿನ ತುದಿಯಿಂದ ಬಾಲದ ತುದಿಯವರೆಗೆ ಈ ಹಕ್ಕಿಯ ಉದ್ದವು ಸುಮಾರು ೩ ಅಂಗುಲ, ಅಂದರೆ ೮ ಸೆಂಟಿಮೀಟರ್ ಮಾತ್ರ. ತೂಕವು ಅರ್ಧ ತೊಲದ ಆಸುಪಾಸಿನಲ್ಲಿರುವುದು. ಮೇಲ್ಮೈ ಮಾಸಲು ಬೂದು ಹಸುರು. ಹೊಟ್ಟೆಯ ಭಾಗ ಮಾಸಿದ ಬಿಳುಪು. ಕೊಕ್ಕು ಸ್ವಲ್ಪ ಬಾಗಿದ್ದು ತಿಳಿಯಾದ ಮಾಂಸವರ್ಣದ್ದಾಗಿರುವುದು. ಗಂಡಿಗೂ ಹೆಣ್ಣಿಗೂ ರೂಪದಲ್ಲಿ ಭೇದವಿಲ್ಲ. ಶಾಸ್ತ್ರಜ್ಞರು ಇಟ್ಟಿರುವ ಹೆಸರು ಡೈಸಿಯಮ್ ಎರಿಥ್ರೊರಿಂಕಸ್ ಎಂಬುದು. ಇದರಲ್ಲಿನ ಎರಡನೆಯ ಮಾತಿಗೆ ಕೆಂಪು ಕೊಕ್ಕಿನದು ಎಂದು ಅರ್ಥ. ಹಕ್ಕಿಯನ್ನು ನೋಡಿದವರಿಗೆ ಈ ಹೆಸರು ಸ್ವಲ್ಪ ಅತಿಶಯೋಕ್ತಿಯೆಂದೇ ತೋರುವುದು. ಇಂಗ್ಲಿಷಿನಲ್ಲಿ ಇದಕ್ಕೆ ೧೯ನೆಯ ಶತಮಾನದ ಪಕ್ಷಿಶಾಸ್ತ್ರಜ್ಞ ಸ್ಯಾಮ್ಯುಯಲ್ ಟಿಕೆಲ್ ಎಂಬ ಸೈನ್ಯಾಧಿಕಾರಿಯ ಹೆಸರು ಬಹುಕಾಲದಿಂದ ಸೇರಿಕೊಂಡಿದೆ.

ಪಕ್ಷಿಗಳ ವಿಭಾಗಕ್ರಮದಲ್ಲಿ ಇದು ಹಾಡುಹಕ್ಕಿಗಳ ಗುಂಪಿಗೆ ಸೇರಿದುದು. ಆದರೆ ಕೋಗಿಲೆಯ ಅಥವಾ ಮಡಿವಾಳ ಹಕ್ಕಿಯ ಕಂಠವನ್ನು ನಿರೀಕ್ಷಿಸಿದವರಿಗೆ ನಿರಾಶೆಯಾದೀತು. ಹಾರುವಾಗಲೂ ಕೂತಾಗಲೂ ಬಿಡದ ಚಿಕ್‌ಕಾರ, ನಡುನಡುವೆ ಒಂದಿಷ್ಟು ಚಿಲಿಪಿಲಿ, ಇಷ್ಟೇ ಅದರ ಸಂಗೀತ. (ಕೋಗಿಲೆಯು ಶಾಸ್ತ್ರರೀತ್ಯಾ ಹಾಡುಹಕ್ಕಿಗಳ ಗುಂಪಿಗೆ ಸೇರಿದ್ದೇ ಅಲ್ಲವೆಂಬುದು ಬೇರೆಯ ಮಾತು.)

ಭಾರತದ ಬಹುಭಾಗ, ಸಿಂಹಳ ಮತ್ತು ಬಾಂಗ್ಲಾದೇಶಗಳಲ್ಲಿ ಇದು ವಾಸಿಸುವುದು. ಮೂಲತಃ ಇದು ಕಾಡಿನ ಹಕ್ಕಿ. ಎಲೆ ಉದುರುವ ಕಾಡುಗಳು, ಕಾಡಿನ ಅಂಚುಗಳು ಇದರ ಸ್ವಸ್ಥಾನ. ಆದರೆ ತೋಪು, ತೋಟ, ಊರೊಳಗಿನ ಮರ, ಎಲ್ಲಿ ಬಂದಳಿಕೆಯುಂಟೋ ಅಲ್ಲಿಗೆಲ್ಲ ಇದು ಕಾಡನ್ನು ಬಿಟ್ಟು ಬಂದು ನೆಲೆಸಿದೆ. ಶಾಲೆಯ ಅಂಗಳದಲ್ಲಿಯೂ ಮನೆಗಳ ಹಿತ್ತಿಲಲ್ಲಿಯೂ ಹುಡುಗರು ಆಯ್ದು ತಿನ್ನುವ ಗಸಗಸೆ ಹಣ್ಣಿನ ಮರವು ಅಮೆರಿಕದ ಉಷ್ಣಪ್ರದೇಶಗಳಿಂದ ಬಂದದ್ದಾದರೂ, ಅದರ ಹಣ್ಣಿನ ರುಚಿಯನ್ನು ಈ ಹಕ್ಕಿ ಚೆನ್ನಾಗಿ ಬಲ್ಲದು.

ಪಶ್ಚಿಮಘಟ್ಟದ ಮಲೆನಾಡಿನಲ್ಲಿ ಇದರ ದಾಯಾದಿಯಾದ ನೀಲಗಿರಿ ಬದನಿಕೆ ಹಕ್ಕಿಯುಂಟು. ಕಾಫಿ ತೋಟದ ನೆರಳು ಮರಗಳಲ್ಲಿ ಅದನ್ನು ನೋಡಬಹುದು. ಅದರ ಕೊಕ್ಕು ಕಪ್ಪಾಗಿಯೂ ಕಣ್ಣಿನ ಮೇಲಿನ ಹುಬ್ಬು ಬೆಳ್ಳಗಾಗಿಯೂ ಇರುವುದರಿಂದ ಗುರುತು ಹಿಡಿಯಲು ಕಷ್ಟವಿಲ್ಲ. ಅದನ್ನು ಶಾಸ್ತ್ರಲೋಕಕ್ಕೆ ೧೮೪೦ರಲ್ಲಿ ಪರಿಚಯ ಮಾಡಿಸಿದವರು ಮದ್ರಾಸು ಪ್ರಾಂತದಲ್ಲಿ ವೈದ್ಯರಾಗಿದ್ದ ಥಾಮಸ್ ಜರ್ಡನ್ ಎಂಬುವರು. ಮೂರನೆಯದು ದಪ್ಪ ಕೊಕ್ಕಿನ ಜಾತಿ. ಇದರ ಎದೆಯ ಮೇಲೆ ಮಸುಕಾದ ಗೀರುಗಳುಂಟು, ಕೂತಲ್ಲಿ ಬಾಲವನ್ನು ಅತ್ತಿತ್ತ ಅಲ್ಲಾಡಿಸುವ ಚಾಳಿಯುಂಟು.

ಹಕ್ಕಿಯ ಬಿತ್ತನೆ

ಬದನಿಕೆ ಹಕ್ಕಿಯ ಮುಖ್ಯ ಆಹಾರವು ಬಂದಳಿಕೆಯ ಹಣ್ಣು. ಇದಲ್ಲದೆ ಹೂವಿನ ಮಕರಂದವನ್ನೂ, ಜೇಡರ ಹುಳು ಮತ್ತು ಸಣ್ಣ ಕೀಟಗಳನ್ನೂ ತಿನ್ನುವುದು. ಇದರ ಹೊಟ್ಟೆಯ ರಚನೆಯಲ್ಲಿ ಒಂದು ವಿಶೇಷವುಂಟು. ಕಾಳು ತಿನ್ನುವ ಕೋಳಿಯಲ್ಲಿ, ತಿಂದುದೆಲ್ಲವೂ ಅರೆಯುವ ಜಠರದ ಮೂಲಕವೇ ಹಾದುಹೋಗಬೇಕು. ಬದನಿಕೆ ಹಕ್ಕಿಯ ಜಠರವಾದರೋ ದಾರಿಯ ಮಗ್ಗುಲಿನ ಒಂದು ಚೀಲದಂತೆ ಇರುವುದು. ಕೀಟಗಳು ಅರೆಯಲ್ಪಡುವುದಕ್ಕಾಗಿ ಆ ಚೀಲದೊಳಕ್ಕೆ ಹೋಗುವುವು. ಬಂದಳಿಕೆಯ ಹಣ್ಣು ಮಾತ್ರ ಚೀಲವನ್ನು ಬಿಟ್ಟು ನೆಟ್ಟಗೆ ಕರುಳಿಗೆ ಇಳಿದುಬಿಡುವುದು. ಹೀಗಾಗಿ ತಿಂದ ಕೆಲವೇ ನಿಮಿಷಗಳಲ್ಲಿ ಬೀಜವು ಯಾವ ಹಾನಿಯೂ ಇಲ್ಲದೆ ಹೊರಕ್ಕೆ ಬರುವುದು. ಹಣ್ಣಿನಲ್ಲಿ ಸತ್ವವಿರುವುದು ತೆಳ್ಳನೆಯ ಒಂದು ಪದರದಲ್ಲಿ ಮಾತ್ರವಾದುದರಿಂದ ಹಕ್ಕಿಯು ದಿನವೆಲ್ಲ ತಿನ್ನುತ್ತಲೇ ಇರಬೇಕು, ದಿನವೆಲ್ಲ ವಿಸರ್ಜಿಸುತ್ತಲೇ ಇರಬೇಕು. ಬಿತ್ತನೆಯ ಕೂರಿಗೆಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕಿಲ್ಲ.

ಹಣ್ಣಿನ ಒಳಗೆ ಇರುವುದು ಒಂದೇ ಬೀಜ. ಅದರ ಸುತ್ತ ಅಂಟು ಅಂಟಾದ ಲೋಳೆಯೊಂದು ಹತ್ತಿಕೊಂಡಿರುವುದು. ಈ ಅಂಟಿನ ಶಕ್ತಿಯು ಸಾಮಾನ್ಯವಲ್ಲ. ಹಕ್ಕಿಯ ಕರುಳನ್ನು ಹಾದುಬಂದರೂ ಅದು ತೀರುವುದಿಲ್ಲ. ಹೊರಬಂದ ಬೀಜವು ಹಕ್ಕಿಯ ಹಿಂಭಾಗಕ್ಕೇ ಅಂಟಿಕೊಂಡು ದಾರದಂತೆ ಜೋತಾಡುವುದುಂಟು. ಅದನ್ನು ಬಿಡಿಸಿಕೊಳ್ಳುವುದಕ್ಕಾಗಿ ಹಕ್ಕಿಯು ಕೂತ ಕೊಂಬೆಗೆ ತನ್ನ ಹಿಂಭಾಗವನ್ನು ಒರಸುವುದು. ಬೀಜವು ತೊಗಟೆಗೆ ಅಂಟಿಕೊಳ್ಳುವುದು. ದಪ್ಪ ಕೊಕ್ಕಿನ ಜಾತಿಯದು ಮತ್ತೊಂದು ಬಗೆ: ಅದು ಹಣ್ಣನ್ನು ನುಂಗದೆ, ಕೊಕ್ಕಿನಿಂದಲೇ ಹಿಸುಕಿ ತಿರುಳನ್ನು ತಿಂದು, ಕೊಕ್ಕಿಗೆ ಅಂಟಿದ ಬೀಜವನ್ನು ಕೊಂಬೆಗೆ ಉಜ್ಜುವುದು. ಹಿಂದಿನಿಂದ ಒರಸಿದರೇನು, ಮುಂದಿನಿಂದ ಒರಸಿದರೇನು, ಮರಕ್ಕೆ ಬರುವ ಫಲ ಒಂದೇ.

ಆಸ್ಟ್ರೇಲಿಯ ದೇಶದಲ್ಲಿಯೂ ಇದೇ ಕುಟುಂಬಕ್ಕೆ ಸೇರಿದ ಒಂದು ಹಕ್ಕಿಯು ಅಲ್ಲಿನ ಮರಗಳ ಮೇಲೆ ಬಂದಳಿಕೆಯನ್ನು ಹೀಗೆಯೇ ಹರಡುತ್ತಿದೆ. ಆದ್ದರಿಂದ ಇದು ನಮ್ಮ ಹಕ್ಕಿಯೊಂದರದೇ ದುರಭ್ಯಾಸವೆನ್ನುವ ಹಾಗಿಲ್ಲ.

ಅಂಟಿದ ಬೀಜವು ಮಳೆಗಾಲಕ್ಕಾಗಿ ಕಾಯುವುದಿಲ್ಲ, ಕೂಡಲೇ ಮೊಳೆಯುವುದು. ಹಣ್ಣಿನ ಸಿಪ್ಪೆ ಕಳಚಿಹೋಗಿರುವುದೊಂದೇ ಅದಕ್ಕೆ ಬೇಕಾದುದು, ಅದನ್ನು ಹಕ್ಕಿಯೇ ಮಾಡಿಕೊಟ್ಟಿರುತ್ತದೆ. ಇಂಥ ಬೀಜಗಳು ಕಲ್ಲಿನ ಮೇಲೆ, ತಂತಿಯ ಮೇಲೆ ಬಿದ್ದರೂ ಮೊಳೆಯುವುದುಂಟು. ಆದರೆ ಹೀರುವುದಕ್ಕೆ ರಸವಿಲ್ಲದೆ ಬೇಗ ಸಾಯುವುವು. ನೆಲದ ಮೇಲೆ ಬಿದ್ದುದಕ್ಕೂ ಅದೇ ಗತಿ. ಬದುಕಿರುವ ಕೊಂಬೆಯ ಮೇಲೆ, ಅದರಲ್ಲಿಯೂ ತೊಗಟೆ ತೆಳುವಾಗಿರುವ ಎಳೆಯ ಕೊಂಬೆಯ ಮೇಲೆ ಬಿದ್ದುದಕ್ಕೆ ಮಾತ್ರ ಅದೃಷ್ಟವುಂಟು. ಅದರ ಮೊಳಕೆಯು ಬಾಗಿ ತೊಗಟೆಯನ್ನು ಮುಟ್ಟಿ, ತುದಿಯಲ್ಲಿ ಒಂದು ಬಿಲ್ಲೆಯಂತೆ ಅಗಲವಾಗಿ, ಆ ಬಿಲ್ಲೆಯ ನಡುವಿನಿಂದ ಕೊಂಬೆಯೊಳಕ್ಕೆ ಒಂದು ಆಪನ್ನು ಹೊಡೆದಂತೆ ಹೀರುಬೇರನ್ನು ಇಳಿಸುವುದು. ಅಲ್ಲಿಂದ ಮುಂದೆ ಆ ಗಿಡವನ್ನು ಕೈಯಿಂದ ಕಿತ್ತರೆ ಎಲೆ ಬರುವುದೇ ಹೊರತು ಬೇರು ಬರುವುದಿಲ್ಲ.

ಬಂದಳಿಕೆಯ ಸ್ವಭಾವ

ನಮ್ಮಲ್ಲಿ ಹೆಚ್ಚಾಗಿ ಕಾಣುವ ಬಂದಳಿಕೆಗೆ ಡೆಂಡ್ರೊಫ್ತೋಯೆ ಫಾಲ್ಕೇಟ ಎಂದು ಹೆಸರು. ಹಳೆಯ ಗ್ರಂಥಗಳಲ್ಲಿ ಲೊರಾಂತಸ್ ಲಾಂಜಿಫ್ಲೋರಸ್ ಎಂದು ಕರೆದಿರುವುದೂ ಇದನ್ನೇ. ಅಮರಕೋಶದಲ್ಲಿ ಇದರ ಜಾತಿಯ ಗಿಡಕ್ಕೆ ವೃಕ್ಷಾದನೀ ಎಂಬ ಹೆಸರುಂಟು. ಮರವನ್ನು ತಿನ್ನುವುದು ಎಂದು ಅದರ ಅರ್ಥವಾಗುವುದರಿಂದ, ನಮ್ಮ ಹಿರಿಯರು ಇದರ ಗುಣವನ್ನು ಅರಿಯದೆ ಇರಲಿಲ್ಲವೆಂದು ಸ್ಪಷ್ಟವಾಗುವುದು. ಮಾವು, ಸಪೋಟ, ಸೀಬೆ, ದಾಳಿಂಬೆ, ಗೋಡಂಬಿ, ಬೇವು, ಹೊಂಗೆ, ತೇಗ, ಸರ್ವೆ ಮುಂತಾಗಿ ೩೦೦ಕ್ಕೂ ಮಿಕ್ಕ ಜಾತಿಯ ಮರಗಿಡಗಳ ಮೇಲೆ ಇದು ಬೆಳೆಯುವುದು ಕಂಡುಬಂದಿದೆ. ಶ್ರೀಗಂಧವನ್ನೂ ಬಿಟ್ಟಿಲ್ಲ. ಶ್ರೀಗಂಧವೇ ನೆಲದೊಳಗೆ ಇತರ ಗಿಡಗಳ ಬೇರಿನಿಂದ ಸಾರವನ್ನು ಕದಿಯುವ ಮರವಾದುದರಿಂದ, ಕದ್ದವನ ಮನೆಗೆ ಕನ್ನ ಬಿದ್ದಂತೆ ಇದು.

ಬಂದಳಿಕೆಯ ಎಲೆ ಹಸುರಾಗಿರುವುದನ್ನು ಕಂಡವರು, ಅದು ತನ್ನ ಅನ್ನವನ್ನು ತಾನೇ ಬೇಯಿಸಿಕೊಳ್ಳುತ್ತದೆಯಲ್ಲವೆ, ಮರಕ್ಕೆ ನಷ್ಟವೇನು ಎಂದು ಕೇಳಬಹುದು. ಪ್ರಶ್ನೆಯು ಸರಿಯಾದುದೇ. ಬಿಸಿಲಿನ ಸಹಾಯದಿಂದ ಪಿಷ್ಟವನ್ನು ತಯಾರಿಸುವ ಕೆಲಸವನ್ನು ಇದರ ಎಲೆಗಳು ಮಾಡುವುದು ನಿಜ. ಆದರೆ ಇದಕ್ಕೆ ನೆಲದಲ್ಲಿ ಬೇರಿಲ್ಲ. ನೀರೂ ಅದರಲ್ಲಿ ಕರಗಿದ ಲವಣಗಳೂ ಮರದಿಂದಲೇ ಬರಬೇಕು. ಮರದ ನೀರು ತನ್ನ ಕಡೆಗೆ ಹರಿಯಬೇಕಾದರೆ ಮರದ ಎಲೆಗಿಂತ ಹೆಚ್ಚಾಗಿ ತಾನು ನೀರನ್ನು ಆವಿಯಾಗಿ ಬಿಡುತ್ತಿರಬೇಕು. ಬಂದಳಿಕೆಯು ಮಾಡುವುದೂ ಅದನ್ನೇ. ಬೇಸಗೆಯ ಬಿಸಿಲಿನಲ್ಲಿ ಮಾವಿನ ಮರವು ತನ್ನ ಎಲೆಯ ಸೂಕ್ಷ್ಮರಂಧ್ರಗಳನ್ನು ಮುಚ್ಚಿಕೊಂಡು ನೀರನ್ನು ಉಳಿಸಿಕೊಳ್ಳಲು ಹೆಣಗುತ್ತಿರುವಾಗಲೂ ಬಂದಳಿಕೆಯು ಧಾರಾಳವಾಗಿ ಖರ್ಚುಮಾಡುತ್ತಿರುವುದು. ಮಳೆ ಕಡಿಮೆಯಾದ ವರ್ಷಗಳಲ್ಲಿ, ನೀರಾವರಿಯಿಲ್ಲದ ತೋಪುಗಳಲ್ಲಿ, ಬಂದಳಿಕೆ ಹತ್ತಿದ ಕೊಂಬೆಗಳೇ ಮೊದಲು ಒಣಗುವುದಕ್ಕೆ ಇದೇ ಕಾರಣ. ಕೋಲಾರದ ಕಡೆಯ ಮಳೆಯಾಶ್ರಯದ ತೋಪುಗಳವರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು.

ಅಂಟಿಕೊಂಡ ಜಾಗದಲ್ಲಿ ಕೊಂಬೆಯು ಊದಿ ಗಂಟು ಕಟ್ಟುವುದು. ಗಂಟಿನಿಂದ ತುದಿಯ ಕಡೆಗಿರುವ ಭಾಗಕ್ಕೆ ಸಾರವು ಸಾಲದೆ ಅದು ಕ್ರಮೇಣ ಸೊರಗಿ ಒಣಗುವುದು; ಆಗ ಕೊಂಬೆಯ ತುದಿಯಲ್ಲಿ ಮಾವಿನ ಎಲೆ ಹೋಗಿ ಬಂದಳಿಕೆಯೊಂದೇ ಉಳಿದಿರುವುದು. ಅಷ್ಟಕ್ಕೇ ಮುಗಿಯಲಿಲ್ಲ. ಈ ಗಿಡವು ತೊಗಟೆಯ ಮೇಲೆ ಬಳ್ಳಿಯಂತೆ ಹರಿಯುವ ಬೇರುಗಳನ್ನು ಬಿಟ್ಟು, ಅಲ್ಲಲ್ಲಿ ಹೊಸ ಹೀರುಬೇರುಗಳನ್ನು ಇಳಿಸುತ್ತ ಹೋಗುವುದು. ಹಕ್ಕಿಯು ಒಂದು ಬೀಜವನ್ನು ಇಟ್ಟರೆ ಗಿಡವು ತಾನಾಗಿಯೇ ಒಂದು ಮೆಳೆಯಾಗುವುದು ಹೀಗೆ. ತೇಗದಂಥ ಮರಗಳಲ್ಲಿ ಗಂಟುಬಿದ್ದ ದಿಮ್ಮಿಗೆ ಬೆಲೆಯೂ ಕಡಿಮೆ.

ಇದರ ಹೂವು ನೀಳವಾದ ಕೊಳವೆಯಂತಿದ್ದು ನೋಡುವುದಕ್ಕೆ ಅಂದವಾಗಿಯೇ ಇರುವುದು. ಬಲಿತ ಮೊಗ್ಗು ತಾನಾಗಿ ಪೂರ್ತಿ ಅರಳದೆ ಹಕ್ಕಿಗಾಗಿ ಕಾಯುವುದುಂಟು. ಹಕ್ಕಿಯು ಬಂದು ಕೊಕ್ಕಿನಿಂದ ಅದುಮಿದೊಡನೆ ದಳಗಳು ತಟಕ್ಕನೆ ಬಿಚ್ಚಿಕೊಂಡು ಪರಾಗವು ಅದರ ಮುಖಕ್ಕೆ ಸಿಡಿಯುವುದು. ಅದೇ ಪರಾಗವನ್ನು ಹೊತ್ತು ಹಕ್ಕಿಯು ಮುಂದಿನ ಹೂವಿಗೆ ಹೋಗುವುದು. ಈ ಕೆಲಸದಲ್ಲಿ ಬದನಿಕೆ ಹಕ್ಕಿಯ ಜೊತೆಗೆ ಸೂರಕ್ಕಿಗಳ ಪಾಲು ದೊಡ್ಡದು. ಪ್ರಸಿದ್ಧ ಪಕ್ಷಿಶಾಸ್ತ್ರಜ್ಞರಾದ ಸಲೀಂ ಆಲಿಯವರು ಕೊಂಕಣ ಪ್ರದೇಶದಲ್ಲಿ ಇದನ್ನು ಪರಿಶೀಲಿಸಿ, ಬಂದಳಿಕೆಯ ಹರಡುವಿಕೆಯಲ್ಲಿ ಈ ಎರಡು ಬಗೆಯ ಹಕ್ಕಿಗಳ ಪಾತ್ರವನ್ನು ಕುರಿತು ೧೯೩೧ರಲ್ಲಿಯೇ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಲೇಖನವನ್ನು ಪ್ರಕಟಿಸಿದರು. ನೀಲಗಿರಿಯ ಕಾಡುಗಳಲ್ಲಿ ಅಭ್ಯಾಸ ನಡೆಸಿದ ಪ್ರಿಯಾ ದಾವಿದಾರ್ ಅವರು ೧೯೮೩ರಲ್ಲಿ ಇನ್ನೊಂದು ಸ್ವಾರಸ್ಯವಾದ ಸಂಗತಿಯನ್ನು ಹೊರಗೆಡಹಿದರು: ಬದನಿಕೆ ಹಕ್ಕಿಗಳಿಂದ ಪರಾಗಸ್ಪರ್ಶ ಹೊಂದುವ ಕೆಲವು ಜಾತಿಯ ಬಂದಳಿಕೆಗಳಲ್ಲಿ, ಬಲಿತ ಮೊಗ್ಗು ಅದೇ ಗಿಡದ ಮಾಗಿದ ಹಣ್ಣನ್ನು ಹೋಲುವುದು. ಹಣ್ಣಿಗಾಗಿ ಬಂದ ಹಕ್ಕಿಯೇ ಹೂವನ್ನೂ ಅದುಮಿಹೋಗುವಂತೆ ಗಿಡವು ಹೂಡಿದ ಉಪಾಯವಿದು ಎನ್ನಬಹುದು. ಸಂಬಳವಿಲ್ಲದೆ ಒಬ್ಬನಿಂದಲೇ ಎರಡು ಕೆಲಸ ತೆಗೆಯುವುದರಲ್ಲಿ ಬಂದಳಿಕೆಯು ಯಾವ ಯಜಮಾನನಿಗೂ ಕಡಿಮೆಯಲ್ಲ.

ಹಕ್ಕಿಯನ್ನು ಕೊಲ್ಲಬಹುದೆ?

ಇಷ್ಟನ್ನೆಲ್ಲ ಓದಿದ ಮೇಲೆ, ಏರುಗನ್ನನ್ನು ಕೊಂಡು ತೋಪಿನಲ್ಲಿ ಆಳನ್ನು ಕೂರಿಸಿದರೆ ಪೀಡೆ ತೊಲಗೀತೆಂದು ಯಾರಿಗಾದರೂ ತೋರಿದರೆ ಅದು ತಪ್ಪು ಲೆಕ್ಕ. ಮೊದಲನೆಯದಾಗಿ, ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಈ ಹಕ್ಕಿಯನ್ನು ಕೊಲ್ಲುವುದು ಅಪರಾಧ. ಹುಡುಗರು ಕವಣೆಕಲ್ಲಿನಿಂದ ಹೊಡೆದರೂ ಅಪರಾಧವೇ. ಕಾಯಿದೆಯನ್ನು ಬದಿಗಿಟ್ಟು ನೋಡಿದರೂ ಲಾಭವಿಲ್ಲ. ಅರ್ಧ ತೊಲ ತೂಗುವ, ಎಲೆಯ ನಡುವೆ ಒಂದು ಗಳಿಗೆಯೂ ಸುಮ್ಮನಿರದ ಹಕ್ಕಿಯನ್ನು ಹೊಡೆದು ಮುಗಿಸುವುದು ಆಗದ ಮಾತು. ತೋಪಿನ ಹಕ್ಕಿ ಹೋದರೆ ಕಾಡಿನ ಹಕ್ಕಿ ಬರುವುದು; ಹಣ್ಣು ಇರುವವರೆಗೂ ಹಕ್ಕಿಯನ್ನು ತಡೆಯುವವರಾರು? ಇತರ ಹಣ್ಣು ತಿನ್ನುವ ಹಕ್ಕಿಗಳೂ ಆಗಾಗ ಈ ಬೀಜವನ್ನು ಸಾಗಿಸುವುದುಂಟು.

ಮತ್ತೊಂದು ಕಡೆಯ ಲೆಕ್ಕವನ್ನೂ ಹಾಕಬೇಕು. ಮರಿಗಳನ್ನು ಸಾಕುವ ಕಾಲದಲ್ಲಿಯಂತೂ ಈ ಹಕ್ಕಿಯು ಕೀಟಗಳನ್ನೂ ಜೇಡಗಳನ್ನೂ ಹುಡುಕಿ ತರುವುದು. ಕಾಡಿನಲ್ಲಿ ಬಂದಳಿಕೆಯೂ ನಿಷ್ಪ್ರಯೋಜಕವಲ್ಲ. ಅದರ ಹೂವು ಸೂರಕ್ಕಿಗಳಿಗೂ, ಎಲೆಯು ಕೆಲವು ಜಾತಿಯ ಚಿಟ್ಟೆಗಳ ಹುಳುಗಳಿಗೂ ಆಹಾರ. ಅಡಿರೆಕ್ಕೆಯಲ್ಲಿ ಹಳದಿಯನ್ನೂ ಅಂಚಿನಲ್ಲಿ ಕೆಂಪು ಮಚ್ಚೆಗಳನ್ನೂ ಹೊತ್ತು ಊರ ತೋಟಗಳಲ್ಲಿ ಹಾರಾಡುವ ಚಿಟ್ಟೆಯೊಂದುಂಟಷ್ಟೆ. ಅದರ ಹುಳುಗಳು ಗುಂಪು ಗುಂಪಾಗಿ ಬಂದಳಿಕೆಯ ಎಲೆಗಳನ್ನು ತಿಂದು ಬೆಳೆಯುವುವು. ಅವನ್ನು ಮಾವಿನ ಕೀಟವೆಂದು ಭ್ರಮಿಸಿ ಔಷಧಿ ಸಿಂಪಡಿಸುವುದು ನಮ್ಮ ಪರವಾಗಿ ಕೆಲಸ ಮಾಡುವವರನ್ನೇ ಕೊಂದಂತೆ. ಕಾಡಿನ ಬಂದಳಿಕೆಯನ್ನು ಕಾಡಿಗೆ ಬಿಟ್ಟು, ತೋಪಿನ ಬಂದಳಿಕೆಯನ್ನು ತೆಗೆಯುವುದೊಂದೇ ವಿವೇಕದ ಮಾರ್ಗ.

ತೆಗೆಯುವ ಕ್ರಮ

ಹಕ್ಕಿಯು ತಿಂದ ಕೆಲವೇ ನಿಮಿಷಗಳಲ್ಲಿ ಬೀಜವನ್ನು ಬಿಡುವುದೆಂದು ಮೇಲೆ ಹೇಳಿದೆಯಷ್ಟೆ. ಇದರಿಂದ ತಿಳಿಯಬೇಕಾದುದೇನೆಂದರೆ, ಬೀಜಗಳಲ್ಲಿ ಬಹುಪಾಲು ದೂರ ಹೋಗುವುದಿಲ್ಲ. ಅದೇ ಮರದಲ್ಲಿ, ಇಲ್ಲವೆ ಮಗ್ಗುಲ ಮರದಲ್ಲಿ ಬೀಳುವುವು. ಬಂದಳಿಕೆಯುಳ್ಳ ಮರಕ್ಕೇ ಹಕ್ಕಿಯು ಮತ್ತೆ ಮತ್ತೆ ಬರುವುದರಿಂದ ಅದೇ ಮರಕ್ಕೆ ಮತ್ತೆ ಮತ್ತೆ ಬಂದಳಿಕೆ ಹತ್ತುವುದು. ತೋಪಿನ ಹತ್ತು ಮರಗಳಲ್ಲಿ ಎರಡು ಪೂರ್ತಿ ಮುಚ್ಚಿಹೋಗಿದ್ದು ಉಳಿದವು ಚೊಕ್ಕಟವಾಗಿರುವುದನ್ನು ಕಾಣುವುದು ಇದಕ್ಕಾಗಿಯೇ. ಆ ಎರಡು ಮರಗಳನ್ನು ಇವತ್ತು ಶುದ್ಧಮಾಡಿದರೆ ಉಳಿದ ಎಂಟು ಮರಗಳನ್ನು ಉಳಿಸಿಕೊಂಡಂತೆ.

ಕಡಿಯುವುದಕ್ಕೆ ಸರಿಯಾದ ಕಾಲವು ಹೂವಾದ ಮೇಲೆ, ಹಣ್ಣು ಮಾಗುವ ಮುಂಚೆ. ಹೂವಿನ ಬಣ್ಣದಿಂದ ಗಿಡವು ಎದ್ದು ಕಾಣುವುದೂ ಆಗಲೇ. ಸಾಮಾನ್ಯವಾಗಿ ಚಳಿಗಾಲದಲ್ಲಿ ಹೂವೂ ಬೇಸಗೆಯಲ್ಲಿ ಹಣ್ಣೂ ಕಾಣುವುವಾದರೂ ಸೀಮೆಯಿಂದ ಸೀಮೆಗೆ ವ್ಯತ್ಯಾಸವಿರುವುದರಿಂದ ಪಂಚಾಂಗವನ್ನು ನೋಡುವುದಕ್ಕಿಂತ ಮರವನ್ನು ನೋಡುವುದು ಮೇಲು. ಒಂದು ತೊಡಕುಂಟು: ಆ ದಿನಗಳಲ್ಲಿ ಮಾವಿಗೂ ಹೂವಿರುವುದು, ಮರ ಹತ್ತಿದರೆ ಹೂವು ಉದುರೀತೆಂದು ತೋಟದವರು ಒಪ್ಪುವುದಿಲ್ಲ. ಅಂಥವರು ಗೋಟಿನ ತುದಿಗೆ ಕುಡುಗೋಲನ್ನು ಕಟ್ಟಿ ಬಂದಳಿಕೆಯ ಹೂಗೊಂಚಲನ್ನಾದರೂ ಕೊಯ್ದು ಹಾಕಿ, ಮಾವಿನ ಕೊಯಿಲು ಮುಗಿದ ಕೂಡಲೇ ಕೊಂಬೆಯನ್ನು ಕಡಿಯತಕ್ಕದ್ದು. ವಿದ್ಯುತ್ ತಂತಿಯ ಬಳಿ ಕಬ್ಬಿಣದ ಕೊಳವೆಯನ್ನಾಗಲಿ ಹಸಿ ಬಿದಿರನ್ನಾಗಲಿ ಎತ್ತಕೂಡದು.

ಬಂದಳಿಕೆಯನ್ನು ಮಾತ್ರ ಸವರಿಹಾಕಿ ಕೊಂಬೆಯನ್ನು ಉಳಿಸಿಕೊಳ್ಳುವ ಆಸೆಯೇ ಬಹುಮಟ್ಟಿಗೆ ಕೆಲಸವನ್ನು ಕೆಡಿಸುವುದು. ಒಳಗೆ ಉಳಿದ ಹೀರುಬೇರಿನಿಂದ ಮತ್ತೆ ಚಿಗುರು ಬರುವುದು. ಗಂಟಿನಿಂದ ಮರದ ಬುಡದ ಕಡೆಗೆ ಒಂದು ಅಡಿಯಷ್ಟನ್ನು ಸೇರಿಸಿ ಕೊಂಬೆಯನ್ನೇ ತೆಗೆಯಬೇಕು. ಹರಿದುಬಂದ ಬೇರುಗಳಿದ್ದರೆ ಅವು ಮುಗಿಯುವವರೆಗೂ ನೋಡಿ ತೆಗೆಯಬೇಕು. ಕೊಡಲಿಯಿಂದ ಸಿಗಿಯುವುದಕ್ಕಿಂತ ಗರಗಸದಿಂದ ಕೊಯ್ಯುವುದು ಉತ್ತಮ. ಕೊಯ್ದ ಗಾಯಕ್ಕೆ ಬೋರ್ಡೋ ಸರಿಯನ್ನು ಬಳಿಯತಕ್ಕದ್ದು: ೧೦೦ ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿಯೂ, ೧೦೦ ಗ್ರಾಂ ಸುಣ್ಣವನ್ನು ಮತ್ತೊಂದು ಅರ್ಧ ಲೀಟರ್ ನೀರಿನಲ್ಲಿಯೂ ಬೇರೆ ಬೇರೆಯಾಗಿ ಮಣ್ಣಿನ ಅಥವಾ ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಕರಗಿಸಿ ಕೂಡಿಸಿದರೆ ಸರಿಯು ಸಿದ್ಧವಾಗುವುದು. ಕಬ್ಬಿಣದ ಪಾತ್ರೆಯು ಕೂಡದು. ಅಡಿಕೆಯ ಕೊಳೆರೋಗಕ್ಕೆ ಡಾಕ್ಟರ್ ಕೋಲ್ಮನ್ ಅವರ ಕಾಲದಿಂದ ಬೋರ್ಡೋ ದ್ರಾವಣವನ್ನು ಹೊಡೆಯುತ್ತ ಬಂದಿರುವ ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ದ್ರಾವಣಕ್ಕಿಂತ ಇದು ಹತ್ತರಷ್ಟು ಗಟ್ಟಿಯೆಂಬುದಷ್ಟೇ ವ್ಯತ್ಯಾಸ.

ಬಂದಳಿಕೆಯು ದೊಡ್ಡ ಕವಲಿನ ಮೇಲೋ ಬೊಡ್ಡೆಯ ಮೇಲೋ ಕೂತಿದ್ದರೆ ಕೊಂಬೆಯನ್ನು ಕಡಿಯುವ ಹಾಗಿಲ್ಲ. ಅಲ್ಲಿ ಗಿಡವನ್ನು ತೊಗಟೆಯ ಮಟ್ಟಕ್ಕೆ ಸವರಿ, ಚಿಗುರಿದಾಗಲೆಲ್ಲ ಮತ್ತೆ ಸವರುತ್ತ, ಹೂವು ಹಣ್ಣು ಆಗದಂತೆ ನೋಡಿಕೊಳ್ಳುವುದೇ ಉಪಾಯ. ಡೀಸೆಲ್ ಎಣ್ಣೆಯನ್ನು ಸೋಪಿನ ನೀರಿನೊಡನೆ ಕದಡಿ ಬಂದಳಿಕೆಗೆ ಎರಚುವ ಕ್ರಮವನ್ನೂ ಹೇಳುವುದುಂಟು. ಅದು ಮಾವಿನ ಎಲೆಯ ಮೇಲೂ ಬಿದ್ದು ಸುಡುವುದರಿಂದ, ಎತ್ತರದ ಮರದಲ್ಲಿ ಅಂಥ ಪ್ರಯೋಗಕ್ಕಿಂತ ಕುಡುಗೋಲೇ ನಂಬಿಕೆಗೆ ತಕ್ಕದ್ದು. ಒಂದು ಸಾರಿ ತೆಗೆದು ಕೈತೊಳೆದುಕೊಳ್ಳುವ ಕೆಲಸವಿದಲ್ಲ. ಕಣ್ಣಿಗೆ ಬೀಳದ ಎಳೆಯ ಮೊಳಕೆಗಳು ಮರದಲ್ಲಿ ಉಳಿದೇ ಇರುವುದರಿಂದ ಮುಂದಿನ ಎರಡು ಮೂರು ವರ್ಷಗಳೂ ತಪ್ಪದೆ ಹತ್ತಿ ನೋಡಬೇಕು.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ತೋಪುಗಳು ಕೆಡುವುದು ಹಕ್ಕಿಯಿಂದಲ್ಲ, ಗುತ್ತಿಗೆಯ ಪದ್ಧತಿಯಿಂದ. ಹೂವಿನಲ್ಲಿಯೇ ಫಸಲನ್ನು ಮಾರಿದ ಯಜಮಾನನು ಮರದ ಕಡೆಗೆ ತಿರುಗಿ ನೋಡುವುದಿಲ್ಲ. ಫಸಲನ್ನು ಕೊಂಡ ಗುತ್ತಿಗೆದಾರನಿಗೆ ಈ ವರ್ಷದ ಕಾಯಿ ಬೇಕೇ ಹೊರತು ಹತ್ತು ವರ್ಷದ ನಂತರದ ಮರದಿಂದ ಆಗಬೇಕಾದುದೇನೂ ಇಲ್ಲ. ಅಣ್ಣತಮ್ಮಂದಿರ ನಡುವೆ ಪಾಲಾಗದೆ ನಿಂತ ತೋಪುಗಳ ಸ್ಥಿತಿಯು ಇದಕ್ಕಿಂತ ಶೋಚನೀಯ. ಕಾಯಿ ಹಂಚಿಕೊಳ್ಳಲು ಎಲ್ಲರೂ ಬರುವರು, ಮರ ಹತ್ತುವ ಆಳಿನ ಕೂಲಿಯನ್ನು ಕೊಡಲು ಯಾರೂ ಬರುವುದಿಲ್ಲ. ಗುತ್ತಿಗೆಯ ಕರಾರಿನಲ್ಲಿಯೇ, ಕೊಯಿಲಿನ ನಂತರ ಬಂದಳಿಕೆಯನ್ನು ಕಡಿಸಿ ಕೊಡುವುದು ಯಾರ ಜವಾಬ್ದಾರಿಯೆಂದು ಒಂದು ಸಾಲನ್ನು ಬರೆಸಿಕೊಂಡರೆ ಅರ್ಧ ಕೆಲಸ ಆದಂತೆಯೇ.

ಉಳಿದ ಅರ್ಧವು ಊರಿನ ಮುಖ್ಯಸ್ಥರ ಕೈಯಲ್ಲಿದೆ. ಒಬ್ಬನು ತನ್ನ ತೋಪನ್ನು ಶುದ್ಧಮಾಡಿಕೊಂಡು, ಪಕ್ಕದವನ ತೋಪಿನಲ್ಲಿಯೋ, ಕೆರೆಯ ಏರಿಯ ಹೊಂಗೆಯಲ್ಲಿಯೋ, ಗುಂಡುತೋಪಿನಲ್ಲಿಯೋ, ಗುಡಿಯ ಮುಂದಿನ ಬೇವಿನಲ್ಲಿಯೋ ಬಂದಳಿಕೆ ಹಣ್ಣು ಬಿಡುತ್ತಿದ್ದರೆ ಅವನ ಖರ್ಚೆಲ್ಲ ವ್ಯರ್ಥ. 'ಚಿಕ್' ಎನ್ನುವಷ್ಟರಲ್ಲಿ ಹಕ್ಕಿಯು ಬೇಲಿಯನ್ನು ದಾಟಿ ಬಂದಿರುವುದು. ಗ್ರಾಮದಲ್ಲಿ ಒಂದು ವಾರವನ್ನು ಗೊತ್ತುಮಾಡಿ, ಮರ ಹತ್ತಲು ಬಲ್ಲ ನಾಲ್ಕು ಆಳುಗಳನ್ನು ಎಲ್ಲರೂ ಸೇರಿ ನೇಮಿಸಿಕೊಂಡು, ಸಾಲಾಗಿ ಎಲ್ಲ ತೋಪುಗಳನ್ನೂ ಮುಗಿಸುವುದು ಖರ್ಚಿನಲ್ಲಿಯೂ ಕಡಿಮೆ, ಫಲದಲ್ಲಿಯೂ ಹೆಚ್ಚು. ಸಾಲುಮರಗಳು, ಸರ್ಕಾರಿ ಜಮೀನಿನ ಮರಗಳು ಇವುಗಳ ಕೊಂಬೆಗೆ ಕೈಹಾಕುವ ಮೊದಲು ಪಂಚಾಯಿತಿಯನ್ನೂ ಅರಣ್ಯ ಇಲಾಖೆಯವರನ್ನೂ ಕೇಳಿ ಅನುಮತಿಯನ್ನು ಪಡೆಯತಕ್ಕದ್ದು. ೧೯೭೬ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯಿದೆಯೊಂದು ಇರುವುದನ್ನು ಮರೆಯಬಾರದು.

ಕಡಿದ ಬಂದಳಿಕೆಯನ್ನು ಎಸೆಯಬೇಕಾದುದಿಲ್ಲ. ಆಡುಗಳು ಇದರ ಸೊಪ್ಪನ್ನು ಇಷ್ಟಪಟ್ಟು ತಿನ್ನುವುವು. ಮೇವು ಸಾಲದ ದಿನಗಳಲ್ಲಿ ಆಡು ಕಾಯುವವರಿಗೆ ಮುಂಚೆ ತಿಳಿಸಿದರೆ ಅವರೇ ಬಂದು ಹೊತ್ತುಕೊಂಡು ಹೋಗುವರು. ಹಣ್ಣು ಮಾಗಿದ ಗೊಂಚಲುಗಳನ್ನು ಮಾತ್ರ ಕೊಂಬೆಗಳ ನಡುವೆ ಸಿಕ್ಕಿಕೊಂಡಿರಲು ಬಿಡಬಾರದು, ನೆಲಕ್ಕೆ ಇಳಿಸಿಬಿಡಬೇಕು.

ಫೆಬ್ರವರಿಯಿಂದ ಜೂನ್‌ವರೆಗೆ, ಮತ್ತೆ ಸೆಪ್ಟೆಂಬರ್ ಸುಮಾರಿಗೆ ಬದನಿಕೆ ಹಕ್ಕಿಯು ಗೂಡು ಕಟ್ಟುವುದು. ಗಿಡದ ನಾರು, ಹತ್ತಿಯಂಥ ಎಳೆ, ಜೇಡರ ಬಲೆ ಇವುಗಳಿಂದ ಹೆಣೆದು ಕೊಂಬೆಗೆ ನೇತುಹಾಕಿದ ಆ ಗೂಡು ಎಲೆಯಡಿಕೆಯ ಸಣ್ಣ ಚೀಲದಂತೆ ಕಾಣುವುದು. ಮೇಲ್ಭಾಗದಲ್ಲಿ ಮಗ್ಗುಲಿಗೆ ಒಂದು ಬಾಯಿ. ಮುಟ್ಟಿದರೆ ಕಂಬಳಿಯಂತೆ ಮೆತ್ತಗಿರುವುದು. ಒಳಗೆ ಮಚ್ಚೆಯಿಲ್ಲದ ಬಿಳಿಯ ಮೊಟ್ಟೆಗಳು ಎರಡು, ಒಮ್ಮೊಮ್ಮೆ ಮೂರು. ಗೂಡು ಕಟ್ಟುವುದರಲ್ಲಿಯೂ ಮರಿಗಳನ್ನು ಸಾಕುವುದರಲ್ಲಿಯೂ ಗಂಡು ಹೆಣ್ಣುಗಳೆರಡೂ ಪಾಲುಗೊಳ್ಳುವುವು. ಒಣಗಿದ ಎಲೆಯೊಂದು ತೂಗುತ್ತಿರುವಂತೆ ತೋರುವುದರಿಂದ ಕೆಳಗಿನಿಂದ ನೋಡಿದವರಿಗೆ ಅದು ಗೂಡೆಂದೇ ತಿಳಿಯದು. ಕೊಂಬೆಗೆ ಗರಗಸವನ್ನು ಇಡುವ ಮೊದಲು ಮರ ಹತ್ತಿದ ಆಳು ಒಮ್ಮೆ ಸುತ್ತ ನೋಡಿ, ಗೂಡಿದ್ದರೆ ಆ ಒಂದು ಕೊಂಬೆಯನ್ನು ಮರಿಗಳು ಹಾರಿಹೋಗುವವರೆಗೆ ಬಿಟ್ಟು, ಅದರ ಬಂದಳಿಕೆಯ ಹೂಗೊಂಚಲುಗಳನ್ನು ಮಾತ್ರ ಕೊಯ್ದು ಇಳಿಯಬಹುದು.